ಕೈಯಲ್ಲೊಂದು ಚಪ್ಪಲಿ

ದೆವ್ವ, ಶಕುನ, ಸತ್ತವರ ಮಾತು ಇವನ್ನೆಲ್ಲ ನಂಬದ ಮನುಷ್ಯ ನಾನು. ನಂಬದಿದ್ದರೆ ಸುಮ್ಮನಿರಬೇಕಲ್ಲ, ಅದೂ ಇಲ್ಲ. ನಂಬುವವರನ್ನು ಹಿಡಿದು ಕೂರಿಸಿ ವಾದ ಮಾಡುವ ಚಟ ಬೇರೆ. ಕೂಕಟ್‌ಪಲ್ಲಿಯಲ್ಲಿ ನಾವಿರುವ ಅಪಾರ್ಟ್‌ಮೆಂಟಿನಲ್ಲಿ ಒಮ್ಮೆ ಲಿಫ್ಟು ತಾನೇ ತಾನಾಗಿ ನಾಲ್ಕನೇ ಮಹಡಿಗೆ ಹೋಗಿ ನಿಲ್ಲುತ್ತದೆ, ಅಲ್ಲಿ ತೀರಿಕೊಂಡ ಮುದುಕಿ ಅದನ್ನು ಕರೆಸಿಕೊಳ್ಳುತ್ತಾಳೆ ಎಂದು ಗುಲ್ಲೆದ್ದಿತು. ನಾನು ಬಿಡಲಿಲ್ಲ. ಮೆಕ್ಯಾನಿಕ್‌ನನ್ನು ಕರೆಸಿ, ಆ ಮಹಡಿಯ ಗುಂಡಿಯ ಹಿಂದೆ ಸಿಕ್ಕಿಕೊಂಡು ಸತ್ತಿದ್ದ ಹಲ್ಲಿಯನ್ನು ತೆಗೆಸಿ, ಕಾಗದದ ಮೇಲಿಟ್ಟು ಮನೆಮನೆಗೆ ತೋರಿಸಿಕೊಂಡು ಬಂದೆ. ಯಾರಿಗೂ ಸಂತೋಷವಾಗಲಿಲ್ಲ. ಚಂದದ ಕಥೆಯೊಂದನ್ನು ಕೆಡಿಸಿದನೆಂದು ಕೆಲವರು ಈಗಲೂ ಆ ಲಿಫ್ಟಿನಲ್ಲಿ ನನ್ನೊಡನೆ ಮಾತಾಡುವುದಿಲ್ಲ.

ಇಂಥವನು ಈಗ ಒಂದು ವಿಚಿತ್ರವನ್ನು ಹೇಳಲು ಕೂತಿದ್ದೇನೆ. ನೀವು ನಕ್ಕರೆ ನನಗೆ ಬೇಸರವಿಲ್ಲ, ಏಕೆಂದರೆ ಅದು ಮುಕ್ಕಾಲು ಪಾಲು ನಗುವಂಥದ್ದೇ. ಉಳಿದ ಕಾಲು ಭಾಗ ಏನೆಂದು ನನಗೆ ಇಂದಿಗೂ ಗೊತ್ತಾಗಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ನಾನು ಬಾಗಲಕೋಟೆ ಕಡೆಯವನು, ಇಲ್ಲಿ ಕೇಂದ್ರ ಸರಕಾರದ ಒಂದು ಕಾರ್ಖಾನೆಯಲ್ಲಿ ನೌಕರಿ. ನಮ್ಮ ಪಕ್ಕದ ವಿಭಾಗದಲ್ಲಿ ಪಾಟೀಲರು ಅಂತ ಒಬ್ಬರಿದ್ದರು, ವಿಜಯಪುರದವರು. ಕ್ಯಾಂಟೀನಿನಲ್ಲಿ ಒಂದೇ ಮೇಜಿನ ಪರಿಚಯ, ಅಷ್ಟೇ. ಬೇಸಿಗೆಯ ಒಂದು ಬೆಳಿಗ್ಗೆ ಅವರ ತಂದೆ ತಾರ್ನಾಕದ ಮನೆಯಲ್ಲಿ ತೀರಿಕೊಂಡರೆಂದು ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂತು. ನನಗೆ ಅಂದು ರಜೆ. ಆ ಹಿರಿಯರನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಆದರೂ ಕನ್ನಡದವರ ಮನೆಯ ಸಾವಿಗೆ ಕನ್ನಡದವನು ಹೋಗದಿದ್ದರೆ ಹೇಗೆ ಎಂದು ಹೊರಟೆ.

ಹೊರಡುವಾಗ ನನ್ನ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು.

"ಸತ್ತವರ ಮನಿ ಅದು, ನೆನಪಿರಲಿ. ಬಂದೆ ಅನಬ್ಯಾಡ್ರಿ, ಹೋಗಿ ಬರ್ತೀನಿ ಅನಬ್ಯಾಡ್ರಿ. ಏನಾಗಿತ್ತು, ಯಾವ ಡಾಕ್ಟರು, ಯಾಕ ಆ ಡಾಕ್ಟರು ಅಂತ ನಿಮ್ಮ ವಕೀಲಿ ಶುರು ಮಾಡಬ್ಯಾಡ್ರಿ. ಬಾಯಿ ಮುಚಗೊಂಡು ಹೂವು ಹಾಕ್ರಿ, ಸುಮ್ಮ ಎದ್ದು ಬರ್ರಿ."

ನಾನು ಹೂಂ ಎಂದು ಹೊಸ ಚಪ್ಪಲಿಗೆ ಕಾಲು ಹಾಕಿದೆ.

"ಸುಡಗಾಡಿಗೆ ಹೊಸಾವು ಯಾಕ್ರಿ? ಹಳೇವು ಮೆಟ್ಟಗೊಂಡು ಹೋಗ್ರಿ."

ಮುಂದೆ ಆದದ್ದಕ್ಕೆಲ್ಲ ಈ ಎರಡು ಉಪದೇಶಗಳೇ ಮೂಲ. ಮದುವೆಯಾದಂದಿನಿಂದ ಅವಳ ಮಾತನ್ನು ನಾನು ಅಕ್ಷರಶಃ ಪಾಲಿಸಿದ್ದು ಅದೊಂದೇ ದಿನ ಎಂಬುದನ್ನು ಅವಳೂ ಒಪ್ಪುತ್ತಾಳೆ.

ತಾರ್ನಾಕಕ್ಕೆ ಹೋಗಲು ಅಮೀರ್‌ಪೇಟ್‌ನಲ್ಲಿ ಮೆಟ್ರೊ ಬದಲಿಸಬೇಕು. ಅಲ್ಲಿಯ ಜನಜಂಗುಳಿ ಬಲ್ಲವರೇ ಬಲ್ಲರು. ಕೋಚಿಂಗ್ ಕ್ಲಾಸಿನ ಹುಡುಗ ಹುಡುಗಿಯರು ಬೆನ್ನ ಮೇಲೆ ಚೀಲ ಹೊತ್ತು ಎಸ್ಕಲೇಟರಿನ ತುಂಬ ನಿಂತಿರುತ್ತಾರೆ. ಯಾರೋ ಹಿಂದಿನಿಂದ ನನ್ನ ಹಿಮ್ಮಡಿ ತುಳಿದರು, ನಾನು ಕಾಲೆಳೆದೆ, ಬಲಗಾಲಿನ ಚಪ್ಪಲಿಯ ಉಂಗುಟ ಕಿತ್ತುಹೋಯಿತು. ಬಿಸಾಡಿ ನಡೆಯಬಹುದಿತ್ತು. ಆದರೆ ಒಂದನ್ನು ಬಿಸಾಡಿದರೆ ಇನ್ನೊಂದೂ ಹೋದಂತೆಯೇ ಲೆಕ್ಕ, ಅದಕ್ಕೆ ನನ್ನ ಜೀವ ಒಪ್ಪಲಿಲ್ಲ. ತಾರ್ನಾಕದಲ್ಲಿ ಮೋಚಿ ಸಿಕ್ಕೇ ಸಿಗುತ್ತಾನೆಂದು ಅದನ್ನು ಕೈಯಲ್ಲಿ ಹಿಡಿದುಕೊಂಡೆ. ಮೋಚಿ ಸಿಗಲಿಲ್ಲ. ನೆಲ ಕಾದ ಹಂಚು. ಎಡಗಾಲನ್ನಾದರೂ ಉಳಿಸಿಕೊಳ್ಳೋಣವೆಂದು ಅದರ ಚಪ್ಪಲಿ ಕಾಲಲ್ಲೇ ಇಟ್ಟುಕೊಂಡು, ಬಲಗಾಲನ್ನು ಎತ್ತೆತ್ತಿ ಇಡುತ್ತ, ಒಂದು ಕೈಯಲ್ಲಿ ಹೂವಿನ ಹಾರ, ಇನ್ನೊಂದರಲ್ಲಿ ಚಪ್ಪಲಿ ಹಿಡಿದು ಹೊರಟ ನನ್ನ ಠೀವಿಯನ್ನು ನೀವೇ ಊಹಿಸಿಕೊಳ್ಳಿ.

ಫೋನಿನಲ್ಲಿಯ ನಕ್ಷೆ ಒಂದು ಗಲ್ಲಿಯ ಬಾಯಿಗೆ ತಂದು ನಿಲ್ಲಿಸಿ, ಬಂದಿರಿ ಎಂದಿತು. ಗಲ್ಲಿಯೊಳಗೆ ಒಂದು ಮನೆಯ ಮುಂದೆ ಶಾಮಿಯಾನ. ಗೇಟಿನ ಬಳಿ ಹೊಗೆಯಾಡುವ ಬೆಂಕಿ. ಕೈಕಟ್ಟಿ ನಿಂತ ಗಂಡಸರು. ಇನ್ನೇನು ಕೇಳುವುದಿದೆ? ಬೇರೆ ದಿನವಾಗಿದ್ದರೆ ಪಾಟೀಲರ ಮನೆ ಇದೇನಾ ಎಂದು ನಾಲ್ಕು ಜನರನ್ನು ವಿಚಾರಿಸುತ್ತಿದ್ದೆ. ಅಂದು ಬಾಯಿ ಮುಚ್ಚಿಕೊಂಡು ಸೀದಾ ಒಳಗೆ ನಡೆದೆ.

ಗೇಟು ದಾಟಿ ಎರಡು ಹೆಜ್ಜೆ ಇಟ್ಟಿರಬೇಕು. ವರಾಂಡದಲ್ಲಿ ಶವದ ತಲೆದೆಸೆಗೆ ಕೂತಿದ್ದ ವಯಸ್ಸಾದ ಹೆಂಗಸೊಬ್ಬರು ನನ್ನನ್ನು ಕಂಡು ದಿಗ್ಗನೆದ್ದು ನಿಂತರು. ತೋರುಬೆರಳು ನನ್ನತ್ತ ಚಾಚಿ ಕೂಗಿದರು.

"ವಚ್ಚಿಂಡು! ಚೆಪ್ಪು ಚೇತುಲ ಪಟ್ಟುಕೊನಿ ವಚ್ಚಿಂಡು!"

ಬಂದ, ಚಪ್ಪಲಿ ಕೈಯಲ್ಲಿ ಹಿಡಿದು ಬಂದ, ಎಂದು. ಅಲ್ಲಿದ್ದವರೆಲ್ಲ ಒಮ್ಮೆಗೇ ತಿರುಗಿದರು. ನನ್ನ ಮುಖ ಇಷ್ಟಾಯಿತು. ಸತ್ತವರ ಮನೆಯೊಳಗೆ ಚಪ್ಪಲಿ ಎತ್ತಿಕೊಂಡು ಬಂದಿದ್ದೇನೆ, ಇನ್ನು ಬೀಳುವ ಪೆಟ್ಟಿಗೆ ಲೆಕ್ಕವಿಲ್ಲ ಎಂದುಕೊಂಡು ಅದನ್ನು ಗಡಬಡಿಸಿ ಕೆಳಗಿಡಲು ಬಾಗಿದೆ. ಐವತ್ತು ದಾಟಿದ ಒಬ್ಬರು, ಮಡಿಪಂಚೆ ಉಟ್ಟವರು, ಓಡಿಬಂದು ನನ್ನ ಕೈ ಹಿಡಿದರು. "ಬೇಡ ಸಾರ್, ಇಡಬೇಡಿ, ಕೈಯಲ್ಲೇ ಇರಲಿ" ಎಂದರು ತೆಲುಗಿನಲ್ಲಿ. ಆಮೇಲೆ ಮೆಲ್ಲಗೆ, "ನೀವು ಕನ್ನಡದವರೇ ತಾನೆ?" ಎಂದು ಕೇಳಿದರು. ನಾನು ಕೋಲೆ ಬಸವನಂತೆ ತಲೆ ಆಡಿಸಿದೆ. ಅವರು ಎರಡೂ ಕೈ ಮುಗಿದರು. ಒಂದು ಪ್ಲಾಸ್ಟಿಕ್ ಕುರ್ಚಿ ಬಂತು. ಹಾರವನ್ನು ಹಾಕಿಸಿ ಶವದ ಪಕ್ಕದಲ್ಲೇ ನನ್ನನ್ನು ಕೂರಿಸಿದರು. ಅಷ್ಟು ಜನರ ನಡುವೆ, ಕಿತ್ತುಹೋದ ಚಪ್ಪಲಿಯನ್ನು ತೊಡೆಯ ಮೇಲೆ ಹಿಡಿದು, ಸಭಾಧ್ಯಕ್ಷನಂತೆ ಕೂತೆ.

ಕಣ್ಣು ಪಾಟೀಲರನ್ನು ಹುಡುಕುತ್ತಿತ್ತು. ಎಲ್ಲೂ ಇಲ್ಲ. ಕೈ ಹಿಡಿದವರು ತಾವು ಸತ್ತವರ ಮಗ ಎಂದರು. ಪಾಟೀಲರಿಗೆ ಅಣ್ಣನಿರುವುದು ನನಗೆ ತಿಳಿದಿರಲಿಲ್ಲ, ಇದ್ದರೂ ಇರಬಹುದು. ಆ ಮಗ ನನ್ನ ಕಿವಿಯ ಹತ್ತಿರ ಬಾಗಿ ಹೇಳಿದ್ದನ್ನು ಕನ್ನಡದಲ್ಲೇ ಬರೆಯುತ್ತೇನೆ.

ಅವರ ತಂದೆ ಬೀದರ್ ಕಡೆಯ ಹಳ್ಳಿಯವರು. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡು ಈ ಊರಿಗೆ ಬಂದು ಸೇರಿದವರು. ಇಲ್ಲಿಯ ತೆಲುಗು ಮನೆಯ ಹುಡುಗಿಯನ್ನು ಮದುವೆಯಾದರು. ಮನೆಯಲ್ಲಿ ಮಾತೆಲ್ಲ ತೆಲುಗು. ಹೆಂಡತಿಗಾಗಲಿ ಮಕ್ಕಳಿಗಾಗಲಿ ಕನ್ನಡ ಬಾರದು. ಅವರು ತಾವಾಗಿ ಅದರ ಸುದ್ದಿ ಎತ್ತಿದವರೂ ಅಲ್ಲ. ಹೀಗಿದ್ದವರು, ಸಾಯುವ ಮುಂಚೆ ಹೆಂಡತಿಯ ಕೈ ಹಿಡಿದು ಒಂದು ಮಾತು ತೆಗೆದುಕೊಂಡರಂತೆ.

ಇಲ್ಲಿ ಒಂದು ಪದ್ಧತಿ ಹೇಳಬೇಕು. ತೆಲುಗಿನವರು ಶವವನ್ನು ಹೊತ್ತು ಹೊರಟಾಗ ದಾರಿಯಲ್ಲಿ ಒಮ್ಮೆ ಚಟ್ಟವನ್ನು ಕೆಳಗಿಳಿಸುತ್ತಾರೆ. ಹತ್ತಿರದವರೊಬ್ಬರು ಬಾಗಿ ಸತ್ತವರ ಕಿವಿಯಲ್ಲಿ ಮೂರು ಸಲ ಕರೆಯುತ್ತಾರೆ. ಅಪ್ಪಿತಪ್ಪಿ ಜೀವವಿದ್ದರೆ ಓಗೊಡಲಿ ಎಂದು. ಇದಕ್ಕೆ ದಿಂಪುಡು ಕಳ್ಳಂ ಎನ್ನುತ್ತಾರೆ. ಯಾವ ಭರವಸೆಯೂ ಉಳಿಯದ ಮೇಲೂ ಉಳಿಯುವ ಆಸೆಗೆ ತೆಲುಗಿನಲ್ಲಿ ಇದೇ ಹೆಸರು.

ಮುದುಕರು ಹೇಳಿದ್ದು ಇಷ್ಟು: "ಅಲ್ಲಿ ನೀವು ಯಾರೂ ನನ್ನನ್ನು ಕರೆಯಬೇಡಿ. ನೀವು ಕರೆದರೆ ಊಟಕ್ಕೆ ಕರೆದಿರಿ ಅಂದುಕೊಂಡು ನಾನು ಇಲ್ಲೇ ಉಳಿದುಬಿಡುತ್ತೇನೆ. ನನ್ನನ್ನು ಕರೆಯುವವನು ಕನ್ನಡದವನು, ಅವನು ಬರುತ್ತಾನೆ. ಕೈಯಲ್ಲಿ ಒಂದು ಚಪ್ಪಲಿ ಹಿಡಿದುಕೊಂಡು ಬರುತ್ತಾನೆ. ಅವನು ಬರುವ ತನಕ ಎತ್ತಬೇಡಿ."

ಯಾರು ಅವನು ಎಂದು ಕೇಳಿದರೆ ಮುದುಕರು ಗೋಡೆಯ ಕಡೆ ಹೊರಳಿ ಮಲಗಿದ್ದರಂತೆ. ಬೆಳಗಿನಿಂದ ಹೆಣ ವರಾಂಡ ಬಿಟ್ಟು ಕದಲಿರಲಿಲ್ಲ. ಬಿಸಿಲು ಏರುತ್ತಿದೆ, ನೆಂಟರು ಗೊಣಗುತ್ತಿದ್ದಾರೆ. ಮಗ ಕೊನೆಗೆ ಹತ್ತಿರದ ಉಡುಪಿ ಹೋಟೆಲಿಗೆ ಹೋಗಿ ಅಲ್ಲಿಯ ಮ್ಯಾನೇಜರರನ್ನು ಕಾಡಿ ಬೇಡಿ ಕರೆತಂದಿದ್ದರು. ಅಚ್ಚ ಕನ್ನಡದವರು, ಆದರೆ ಎರಡೂ ಚಪ್ಪಲಿ ಕಾಲಲ್ಲೇ ಇದ್ದವು. ಒಂದನ್ನು ಬಿಚ್ಚಿ ಕೈಯಲ್ಲಿ ಹಿಡಿಯಿರಿ ಎಂದು ಮಗ ಗುಟ್ಟಾಗಿ ಹೇಳಿಕೊಟ್ಟದ್ದನ್ನು ತಾಯಿ ನೋಡಿಬಿಟ್ಟರು. "ಹೇಳಿಸಿಕೊಂಡು ಹಿಡಿದವನು ಬೇಡ" ಎಂದು ಅವರನ್ನು ಹೋಟೆಲಿಗೆ ವಾಪಸು ಕಳಿಸಿದರು. ಆ ತಾಯಿಯ ಅಣ್ಣ, ದಪ್ಪ ಮೀಸೆಯ ಒಬ್ಬ ಹಿರಿಯರು, ಗಡಿಯಾರ ನೋಡಿ ನೋಡಿ ಸಾಕಾಗಿ, "ಇನ್ನೊಂದು ಗಳಿಗೆ ನೋಡುತ್ತೇನೆ, ಆಮೇಲೆ ಚಪ್ಪಲಿ ಕೈಗೆ ತೆಗೆದುಕೊಳ್ಳುವವನು ನಾನೇ" ಎಂದು ಗುಡುಗಿದ್ದರಂತೆ. ಅಷ್ಟರಲ್ಲಿ ನಾನು ಗೇಟು ದಾಟಿ ಬಂದಿದ್ದೆ.

ಕೇಳುತ್ತ ಕೇಳುತ್ತ ನನಗೆ ಎಲ್ಲೋ ಲೆಕ್ಕ ತಪ್ಪಿದೆ ಎನ್ನಿಸತೊಡಗಿತು. ಪಾಟೀಲರು ವಿಜಯಪುರದವರು, ಈ ಹಿರಿಯರು ಬೀದರಿನವರು. ಪಾಟೀಲರು ತಾಯಿಯ ಕೈಯ ಶೇಂಗಾ ಹೋಳಿಗೆಯನ್ನು ಡಬ್ಬಿಯಲ್ಲಿ ತರುತ್ತಿದ್ದರು, ಈ ತಾಯಿಗೆ ಕನ್ನಡವೇ ಬಾರದು. ನಾನು ಬಾಯಿ ತೆಗೆಯುವಷ್ಟರಲ್ಲಿ ಚಟ್ಟ ಎತ್ತಿದರು. ಮುಂದೆ ಬೆಂಕಿಯ ಮಡಕೆ ಹಿಡಿದ ಮಗ, ಅವರ ಬೆನ್ನಿಗೆ ಚಪ್ಪಲಿ ಹಿಡಿದ ನಾನು, ನನ್ನ ಹಿಂದೆ ಹೆಣ. ಹೆಗಲು ಕೊಡೋಣವೆಂದರೂ ಬಿಡಲಿಲ್ಲ. "ನಿಮ್ಮ ಕೈ ಖಾಲಿ ಇಲ್ಲ ಸಾರ್" ಎಂದರು ಆ ಮೀಸೆಯವರು, ಈಗ ಭಾರಿ ಗೌರವದಿಂದ.

ಗಲ್ಲಿಯ ಬಾಯಿಗೆ ಬಂದೆವು. ಅದೇ ಹೊತ್ತಿಗೆ ಹಿಂದಿನ ಗಲ್ಲಿಯಿಂದ ಇನ್ನೊಂದು ಶವದ ಗಾಡಿ ಮೆಲ್ಲಗೆ ಹೊರಬಂತು. ಡ್ರೈವರನ ಪಕ್ಕದಲ್ಲಿ ಮಡಕೆ ಹಿಡಿದು ಕೂತವರು ಪಾಟೀಲರು.

ಪಾಟೀಲರು ನನ್ನನ್ನು ನೋಡಿದರು. ನನ್ನ ಹಿಂದಿದ್ದ ಚಟ್ಟವನ್ನು ನೋಡಿದರು. ನನಗೆ ಏನು ಮಾಡಬೇಕೆಂದು ತೋಚದೆ, ಅಭ್ಯಾಸದ ಮೇಲೆ ನಮಸ್ಕಾರಕ್ಕೆ ಕೈ ಎತ್ತಿದೆ. ಎತ್ತಿದ ಕೈಯಲ್ಲಿ ಚಪ್ಪಲಿ ಇತ್ತು. ಅಪ್ಪನನ್ನು ಕಳೆದುಕೊಂಡ ಮನುಷ್ಯನಿಗೆ ನಡುಬೀದಿಯಲ್ಲಿ ಚಪ್ಪಲಿ ತೋರಿಸಿದ ಪಾಪ ನನ್ನ ಲೆಕ್ಕಕ್ಕೆ ಬಿತ್ತು. ಗಾಡಿ ಮುಂದೆ ಹೋಯಿತು. ಅವರು ಕಿಟಕಿಯಿಂದ ಕತ್ತು ಹೊರಳಿಸಿ ಕಾಣುವಷ್ಟು ದೂರ ನನ್ನನ್ನೇ ನೋಡುತ್ತಿದ್ದರು.

ಇನ್ನು ತಡೆಯಲಾಗಲಿಲ್ಲ. ಮಗನ ಹತ್ತಿರ ಸರಿದು, ತೆಲುಗಿನಲ್ಲಿ ತಡವರಿಸುತ್ತ ಎಲ್ಲವನ್ನೂ ಹೇಳಿಬಿಟ್ಟೆ. ನಾನು ನಿಮ್ಮವನಲ್ಲ, ಮನೆ ತಪ್ಪಿ ಬಂದಿದ್ದೇನೆ, ನಾನು ಹೋಗಬೇಕಾದ ಹೆಣ ಈಗಷ್ಟೇ ಹೋಯಿತು. ಚಪ್ಪಲಿ ಕಿತ್ತದ್ದು ಅಮೀರ್‌ಪೇಟ್‌ನಲ್ಲಿ, ಅದಕ್ಕೂ ನಿಮ್ಮ ತಂದೆಗೂ ಸಂಬಂಧವಿಲ್ಲ. ನಿಮ್ಮ ತಾಯಿಗೆ ಮೋಸ ಮಾಡಲಾರೆ.

ಅವರು ಮಡಕೆಯ ಹೊಗೆಗೆ ಉರಿದ ಕಣ್ಣು ಒರೆಸಿಕೊಂಡು ಹೇಳಿದ ಉತ್ತರ ನನ್ನ ಅಷ್ಟೂ ವರ್ಷದ ವಾದಗಳನ್ನು ಮಡಚಿ ಇಟ್ಟಿತು. "ಅಪ್ಪ ಅವನು ಬರುತ್ತಾನೆ ಅಂದರು ಸಾರ್. ತಿಳಿದು ಬರುತ್ತಾನೆ ಅನ್ನಲಿಲ್ಲ."

ಚಟ್ಟ ಇಳಿಸಿದರು. ಆ ತಾಯಿಯೂ ಅಲ್ಲಿಯವರೆಗೆ ನಡೆದು ಬಂದಿದ್ದರು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಗಂಡ ಕೇಳಿದ ಕಡೆಯ ಕೆಲಸ ಇದು, ಇದೊಂದು ಆಗಿಬಿಟ್ಟರೆ ತಾನು ಅಳಬಹುದು ಎಂಬಂತಿತ್ತು ಆ ನೋಟ. ಬೆಳಗಿನಿಂದ ಅವರು ಅತ್ತಿರಲೇ ಇಲ್ಲ ಎಂದು ಆಮೇಲೆ ತಿಳಿಯಿತು. ನಾನು ಮಂಡಿಯೂರಿದೆ. ಸುಣ್ಣದಂತೆ ಬೆಳ್ಳಗಾದ ಮೀಸೆ, ಕಿವಿಯ ತುದಿಯಲ್ಲಿ ಕೂದಲು. ಏನೆಂದು ಕರೆಯಲಿ? ಹೆಸರು ಕೂಡ ನಾನು ಕೇಳಿರಲಿಲ್ಲ. ಈಗ ತಲೆಯೆತ್ತಿ ಇವರ ಹೆಸರೇನು ಎಂದು ಕೇಳುವುದು ಹೇಗೆ? ಎಲ್ಲರೂ ಕಾಯುತ್ತಿದ್ದರು.

ಆಗ ನನ್ನ ಬಾಯಿಂದ ಬಂದದ್ದನ್ನು ನಾನು ಯೋಚಿಸಿ ಆಡಲಿಲ್ಲ. ನಮ್ಮೂರಲ್ಲಿ ನಾವು ಹುಡುಗರು ಬಯಲಿನಲ್ಲಿ ಆಡುತ್ತಿದ್ದಾಗ, ದೀಪ ಹಚ್ಚುವ ಹೊತ್ತಿಗೆ ನಮ್ಮವ್ವ ಕಟ್ಟೆಯ ಮೇಲೆ ನಿಂತು ಕೂಗುತ್ತಿದ್ದ ಮಾತು ಅದು. ಎಷ್ಟೋ ವರ್ಷದಿಂದ ನೆನಪಾಗಿರಲಿಲ್ಲ.

"ಏ ತಮ್ಮಾ, ಆಡಿದ್ದು ಸಾಕು, ಮನಿಗೆ ಬಾ."

ಮೂರು ಸಲ ಕರೆದೆ. ಗುರುತು ಪರಿಚಯವಿಲ್ಲದ ಮನುಷ್ಯನಿಗಾಗಿ ಕಣ್ಣಲ್ಲಿ ನೀರು ಬಂತು, ಅದನ್ನು ಒರೆಸಲು ಹೋದರೆ ಮತ್ತೆ ಆ ಚಪ್ಪಲಿ. ಹಿರಿಯರು ಓಗೊಡಲಿಲ್ಲ. ಓಗೊಟ್ಟಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ.

ಎದ್ದು ನಿಂತಾಗ ಆ ತಾಯಿ ನನ್ನ ತೋಳು ಗಟ್ಟಿಯಾಗಿ ಹಿಡಿದಿದ್ದರು. "ಏನಂದೆಯಪ್ಪಾ? ಇನ್ನೊಮ್ಮೆ ಹೇಳು" ಎಂದರು. ಹೇಳಿದೆ. ಅವರು ಮಗನ ಕಡೆ ನೋಡಿದರು. ಮಗ ನನ್ನ ಕಡೆ ತಿರುಗಿ ಹೇಳಿದರು. ಮುದುಕರು ಮಾತು ನಿಲ್ಲುವ ಮೊದಲು ಇದನ್ನೇ ಗುನುಗುತ್ತಿದ್ದರಂತೆ. ಇದೇ ಶಬ್ದ, ಇದೇ ರಾಗ. ಮನೆಯಲ್ಲಿ ಯಾರಿಗೂ ಅರ್ಥವಾಗದೆ, ನೀರು ಕೇಳುತ್ತಿದ್ದಾರೆಂದು ಚಮಚದಲ್ಲಿ ನೀರು ಹಾಕುತ್ತಿದ್ದರಂತೆ. "ಹಾಗಂದರೇನು?" ಎಂದು ಆ ತಾಯಿ ಕೇಳಿದರು.

ನಾನು ತೆಲುಗಿನಲ್ಲಿ ಹೇಳಿದೆ. ನಮ್ಮ ಕಡೆ ತಾಯಂದಿರು ಸಂಜೆಗೆ ಮಕ್ಕಳನ್ನು ಹೀಗೆ ಕರೆಯುತ್ತಾರೆ ಎಂದೂ ಹೇಳಿದೆ.

ಅವರು ಚಟ್ಟದ ಕಡೆ ತಿರುಗಿ, ಸಿಟ್ಟೋ ಪ್ರೀತಿಯೋ ತಿಳಿಯದ ದನಿಯಲ್ಲಿ, "ಇಷ್ಟು ವರ್ಷ ಅನ್ನ ಬೇಯಿಸಿ ಹಾಕಿದವಳು ನಾನು. ಕೊನೆಗೆ ನಮ್ಮತ್ತೆ ಕರೆದಳಂತ ಹೊರಟೇಬಿಟ್ಟೆಯಲ್ಲ" ಎಂದರು. ಆ ಮೀಸೆಯವರಿಗೆ ನಗು ತಡೆಯಲಾಗಲಿಲ್ಲ. ಅವರು ನಕ್ಕಿದ್ದು ಕಂಡು ಇನ್ನೂ ನಾಲ್ಕು ಜನ ನಕ್ಕರು, ಆ ತಾಯಿಯೂ ನಕ್ಕರು, ನಗುತ್ತಲೇ ಕುಸಿದು ಕೂತು ಅಳತೊಡಗಿದರು. ಅಲ್ಲಿಂದ ಮುಂದೆ ಎಲ್ಲರೂ ಅತ್ತರು. ಶವವನ್ನು ರಸ್ತೆಯಲ್ಲಿ ಕಾದಿದ್ದ ಗಾಡಿಗೆ ಏರಿಸಿದರು.

ಸ್ಮಶಾನದಿಂದ ನಾನು ಯಾರಿಗೂ ಹೋಗಿ ಬರುತ್ತೇನೆ ಎನ್ನದೆ ಬಂದೆ. ಮನೆಯಲ್ಲಿ ಸ್ನಾನ ಮಾಡಿ ಎಲ್ಲ ಹೇಳಿದಾಗ ಹೆಂಡತಿ ಅರ್ಧ ಕಥೆಗೇ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಉಳಿದರ್ಧಕ್ಕೆ ಅದೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಪಾಟೀಲರು ಎಷ್ಟೋ ದಿನ ಕ್ಯಾಂಟೀನಿನಲ್ಲಿ ಬೇರೆ ಮೇಜಿಗೆ ಕೂತರು. ಒಂದು ದಿನ ನಾನೇ ಹೋಗಿ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ಕೇಳಿ, "ನಮ್ಮಪ್ಪ ಭಾಳ ಚಾಷ್ಟಿ ಮನುಷ್ಯಾರೀ, ಇದನ್ನ ಕೇಳಿದ್ರ ಹೊಟ್ಟಿ ಹಿಡಕೊಂಡು ನಗತಿದ್ರು" ಎಂದು ಡಬ್ಬಿಯಿಂದ ಹೋಳಿಗೆ ಮುರಿದು ಕೊಟ್ಟರು.

ವಾದ ಮಾಡುವ ಚಟದವನು ನಾನು, ನನ್ನೊಡನೆಯೇ ಮಾಡಿ ನೋಡಿದ್ದೇನೆ. ಕರೆದ ಮಾತು ಉತ್ತರ ಕರ್ನಾಟಕದ ಯಾವ ತಾಯಿಯಾದರೂ ಆಡುವಂಥದ್ದು, ಇಬ್ಬರ ಬಾಯಲ್ಲಿ ಒಂದೇ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಸರಿ. ಆದರೆ ಚಪ್ಪಲಿ? ಊರ ಬಯಲಿನಲ್ಲಿ ಆಡಿ, ಕಿತ್ತುಹೋದ ಚಪ್ಪಲಿ ಹಿಡಿದು ಮನೆಗೆ ಬರುವ ಯಾವುದೋ ಗೆಳೆಯ ಅವರ ನೆನಪಿನಲ್ಲಿ ಇದ್ದಿರಬಹುದು. ಅದೂ ಸರಿ. ಆ ನೆನಪು ಅಮೀರ್‌ಪೇಟ್‌ಗೆ ಬಂದು ನನ್ನ ಹಿಮ್ಮಡಿ ತುಳಿದದ್ದು ಹೇಗೆ? ಇಲ್ಲಿಗೆ ಬಂದು ನನ್ನ ವಕೀಲಿ ನಿಂತುಬಿಡುತ್ತದೆ. ಈ ಸಲ ತೆಗೆದು ತೋರಿಸಲು ಹಲ್ಲಿ ಸಿಕ್ಕಿಲ್ಲ.

ಈಗ ಯಾರದಾದರೂ ಸಾವಿಗೆ ಹೊರಟರೆ ಹೆಂಡತಿ ಬಾಗಿಲಲ್ಲಿ ತಡೆದು, "ಉಂಗುಟ ಗಟ್ಟಿ ಐತಿಲ್ಲೋ, ಜಗ್ಗಿ ನೋಡ್ರಿ ಮೊದಲ" ಎನ್ನುತ್ತಾಳೆ. ಅವಳ ಸಮಾಧಾನಕ್ಕೆ ಬಾಗಿ ಜಗ್ಗಿ ನೋಡುತ್ತೇನೆ. ಆದರೆ ಈ ದೊಡ್ಡ ಊರಿನ ಯಾವ ಗಲ್ಲಿಯಲ್ಲಿ ಯಾರು ಕಾಯುತ್ತಿದ್ದಾರೋ ಯಾರಿಗೆ ಗೊತ್ತು. ಸಡಿಲಿದ್ದರೆ ಸಡಿಲಾಗಿಯೇ ಇರಲಿ ಎಂದು, ಅವಳಿಗೆ ಗೊತ್ತಾಗದ ಹಾಗೆ, ಮೆಲ್ಲಗೆ ಜಗ್ಗುತ್ತೇನೆ.